ಗುಡ್ಡದ ಮೇಲಿನ ಕಂಪ್ಯೂಟರಿಗೆ ಕೆಲೆರಾ ಹೇಳಿಹೋದದ್ದು

ಬೆಳಗಿನ ಕರೆಂಟು ಬಂದಿತ್ತು. ಗುಡ್ಡದ ಮೇಲಿನ ಕೋಣೆಯಲ್ಲಿ ಕಂಪ್ಯೂಟರು ಮಾತ್ರ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಕೆಲೆರಾ ಬಾಗಿಲ ಚೌಕಟ್ಟು ಹಿಡಿದು ಉಸಿರು ಸುಧಾರಿಸಿಕೊಂಡಳು. ನೋಯುವ ಮೊಣಕಾಲನ್ನು ಒಮ್ಮೆ ನೀವಿ, ಒಳಗೆ ಹೋಗಿ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ರಾಜಧಾನಿ ಸುವಾದಿಂದ ಬಂದ ಗಾಳಿ-ಅಲೆಗಳ ಸುದ್ದಿ ಊರಿನ ರೇಡಿಯೊಗಳಿಗೆ ಹರಿಯಿತು. ಕೆಳಗೆ ಅದಕ್ಕಾಗಿಯೇ ಕಾದಿದ್ದ ದೋಣಿಗಳು ಹವಳದ ದಿಬ್ಬದ ಕಂಡಿಯತ್ತ ಒಂದೊಂದಾಗಿ ಹೊರಟವು.

ದ್ವೀಪದಲ್ಲಿ ಕರೆಂಟು ಇರುತ್ತಿದ್ದುದು ಬೆಳಿಗ್ಗೆಯಿಂದ ಸಂಜೆಯವರೆಗೆ ಅಷ್ಟೇ. ಊರ ಮುಖಂಡ ತಾನಿಯೇಲ ಡೀಸೆಲ್ ಇಂಜಿನ್ ಓಡಿಸಿದಷ್ಟು ಹೊತ್ತು. ಬೆಳಿಗ್ಗೆ ಗುಡ್ಡ ಹತ್ತಿ ಕಂಪ್ಯೂಟರನ್ನು ಎಬ್ಬಿಸುವುದು ಕೆಲೆರಾಳ ಪಾಲಿಗೆ ಬಂದು ವರ್ಷಗಳಾಗಿದ್ದವು. ಒಮ್ಮೆ ಅವಳು ಜ್ವರ ಬಂದು ಮಲಗಿದಾಗ ತಾನಿಯೇಲನೇ ಹತ್ತುತ್ತೇನೆಂದಿದ್ದ. ಹಿಂದಿನ ದಿನ ಯಂಗೋನ ಬೇರು ಅರೆದ ಮಂಪರಿನ ನೀರು ಜಾಸ್ತಿ ಕುಡಿದು, ಇಂಜಿನ್ ಚಾಲೂ ಮಾಡಿದವನು ಅದರ ಪಕ್ಕದಲ್ಲೇ ನಿದ್ದೆ ಹೋದ. ಸುದ್ದಿಯಿಲ್ಲದೆ ಹೊರಟ ಎರಡು ದೋಣಿಗಳು ದೊಡ್ಡ ಅಲೆಗೆ ಸಿಕ್ಕವು. ಜನ ಈಜಿ ಬಂದರು, ಒಂದು ದೋಣಿ ಹವಳದ ಮೇಲೇ ಉಳಿಯಿತು. ಆಮೇಲೆ ಕೆಲೆರಾ ಆ ಗುಂಡಿಯನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ಈಗ ಸುವಾದಲ್ಲಿ ಮಗಳು ಉನೈಸಿ ತುಂಬು ಬಸುರಿ. ಚೊಚ್ಚಲು. ಮಗುವಿಗೆಂದು ನೇಯ್ದ ಚಾಪೆ ಮನೆಯಲ್ಲಿ ಸುರುಳಿ ಸುತ್ತಿಕೊಂಡು ಕಾದಿತ್ತು. ಹಡಗು ನಾಳೆ ಬೆಳಿಗ್ಗೆ ಬರುತ್ತದೆ. ಅದು ತಪ್ಪಿದರೆ ಮುಂದಿನ ತಿಂಗಳೇ. ಕಂಪ್ಯೂಟರು ತಾನಾಗಿ ಎದ್ದರೆ ಅವಳು ಹೋಗಬಹುದು. ಏಳದಿದ್ದರೆ ಚಾಪೆಯೊಂದೇ ಹೋಗಬೇಕು.

ಹೋದ ತಿಂಗಳ ಹಡಗಿಗೆ ಕಂಪ್ಯೂಟರ್ ನೋಡಲು ಬಂದಿದ್ದ ಇಸೋವ, ಕರೆಂಟು ಬಂದ ಕೂಡಲೇ ಇದು ತಾನೇ ಏಳುವ ಹಾಗೆ ಮಾಡಿದ್ದೇನೆ ಎಂದು ಹೇಳಿ ಹೋಗಿದ್ದ. ಅದು ಒಂದು ದಿನವೂ ಎದ್ದಿರಲಿಲ್ಲ. ಅವನು ಕೆಲೆರಾಳ ಸೋದರಮಾವನ ಮಗ. ಒಬ್ಬರನ್ನೊಬ್ಬರು ಗೇಲಿ ಮಾಡುವ ಹಕ್ಕು ಇಬ್ಬರಿಗೂ ಹುಟ್ಟಿನಿಂದ ಬಂದದ್ದು. ಫೋನು ಸಿಗುತ್ತಿದ್ದುದು ಗುಡ್ಡದ ಮೇಲೆ ಮಾತ್ರ. ಕೆಲೆರಾ ಅಲ್ಲೇ ಕುಳಿತು ಕರೆದಳು.

"ಏನೋ ಇಸೋವಾ, ನೀನು ಪಾಠ ಹೇಳಿದ ಕಂಪ್ಯೂಟ್ರು ನಿನ್ನ ಹಾಗೇ ಆಗಿದೆ. ಬಿಸಿಲು ನೆತ್ತಿಗೆ ಬಂದ್ರೂ ಏಳಲ್ಲ."

"ಎದ್ದ ಕೂಡ್ಲೆ ನಿನ್ನ ಮುಖ ನೋಡ್ಬೇಕಲ್ಲ ಮುದುಕಿ, ಅದಕ್ಕೇ ಹೆದರಿರುತ್ತೆ. ಸಂಜೆ ಹೊತ್ತು ಅದಕ್ಕೇನ್ ಮಾಡ್ತೀಯ ನೀನು?"

"ಏನ್ ಮಾಡ್ತೀನಿ? ಇಂಜಿನ್ ನಿಲ್ಲಿಸೋಕೆ ಮುಂಚೆ ಹತ್ತಿ ಬಂದು ಗುಂಡಿ ಒತ್ತಿ ಕ್ರಮವಾಗಿ ಮುಚ್ತೀನಿ."

ಆ ಕಡೆ ಇಸೋವ ನಗತೊಡಗಿದ. "ಮುಚ್ಚು ಅಂತ ಯಾರೇ ಹೇಳಿದ್ದು?"

"ಯಾರು ಹೇಳ್ಬೇಕು? ಕೆಲಸ ಮಾಡ್ತಿರೋರ ಮುಂದೆ ದೀಪ ಆರಿಸಿ ಎದ್ದು ಹೋಗ್ತಾರೇನೋ? ನನ್ನ ತಾಯಿ ಹಾಗೆ ಬೆಳೆಸಿಲ್ಲ."

"ಅಲ್ಲೇ ಕಣೇ ಎಡವಟ್ಟು. ಕರೆಂಟು ಹೋದಾಗ ಹೇಗಿದ್ಯೋ, ಬಂದಾಗ ಹಾಗೇ ಇರು ಅಂತ ಅದಕ್ಕೆ ಹೇಳಿಟ್ಟಿದೀನಿ. ನೀನು ಮಲಗಿಸಿ ಹೋಗ್ತೀಯ, ಅದು ಮಲಗೇ ಇರುತ್ತೆ. ಎಚ್ಚರ ಇದ್ದಾಗ್ಲೇ ಕರೆಂಟು ಹೋದ್ರೆ, ಬಂದ ತಕ್ಷಣ ಎದ್ದು ಕೂರುತ್ತೆ."

"ಕೆಟ್ಟು ಹೋಗಲ್ವಾ?"

"ಕೆಡದ ಹಾಗೆ ಮಾಡಿಟ್ಟೇ ಬಂದಿದೀನಿ. ಇವತ್ತು ಸಂಜೆ ಮುಟ್ಬೇಡ, ಸಾಕು."

ಮಾತು ಅರ್ಥವಾಯಿತು, ಮನಸ್ಸು ಒಪ್ಪಲಿಲ್ಲ. ಆ ದ್ವೀಪದಲ್ಲಿ ಪಕ್ಕದ ಊರಿಗೆ ಹೋಗುವವರೂ ಹಿರಿಯರ ಮುಂದೆ ಯಂಗೋನದ ಬೇರಿಟ್ಟು, ಅಪ್ಪಣೆ ಕೇಳಿಯೇ ಏಳುವುದು. ಹೇಳದೆ ಹೊರಟವರ ಬೆನ್ನ ಹಿಂದೆ ಊರೆಲ್ಲ ಆಡಿಕೊಳ್ಳುತ್ತದೆ.

ಸಂಜೆ ಕೆಲೆರಾ ಬೇರಿನ ಸಣ್ಣ ಕಟ್ಟೊಂದನ್ನು ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಸುತ್ತಿಕೊಂಡು ಗುಡ್ಡ ಹತ್ತಿದಳು. ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕುಳಿತು, ಕಟ್ಟನ್ನು ಎದುರಿಗಿಟ್ಟು, ಹಿರಿಯರ ಮುಂದೆ ಮಾಡುವಂತೆ ಅಂಗೈ ಗುಳಿಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು.

"ಮಗಳ ಹತ್ರ ಹೊರಟಿದೀನಿ. ನಿನ್ನನ್ನ ಹೀಗೇ ಬಿಟ್ಟು ಹೋಗ್ತಿದೀನಿ, ತಪ್ಪು ತಿಳ್ಕೋಬೇಡ. ಬೆಳಿಗ್ಗೆ ನೀನಾಗೇ ಏಳಪ್ಪ. ದೋಣಿಯೋರು ನಿನ್ನನ್ನೇ ನಂಬಿದಾರೆ."

ಏಳುವಾಗ ಕೈ ರೂಢಿಯಿಂದ ಗುಂಡಿಯತ್ತ ಹೋಯಿತು. ಹಿಂದಕ್ಕೆ ಎಳೆದುಕೊಂಡು, ಬೇರಿನ ಕಟ್ಟು ಎತ್ತಿಕೊಂಡು ಇಳಿದಳು.

ಕೆಳಗೆ ಇಂಜಿನ್ ಮನೆಯ ಬಾಗಿಲಲ್ಲಿ ತಾನಿಯೇಲ ಕೇಳಿದ: "ಮುಚ್ಚಿ ಬಂದ್ಯಾ ಅಕ್ಕ?"

"ಇಲ್ಲ. ಇಂಜಿನ್ ನಿಲ್ಲಿಸು. ಈ ಬೇರು ಅದರ ಪಾಲಿಂದು. ಬೆಳಿಗ್ಗೆ ಅದು ಎದ್ದ ಮೇಲೆ ಕುಡಿ. ಮುಂಚೆ ಕುಡಿದ್ಯೋ, ನೋಡು."

ಬೆಳಿಗ್ಗೆ ಹಡಗು ಕಂಡಿಯಾಚೆ ನಿಂತಿತ್ತು. ಜನರನ್ನು ಒಯ್ಯುವ ಸಣ್ಣ ದೋಣಿ ದಡಕ್ಕೆ ಬಂದಿತ್ತು. ಮೀನಿಗೆ ಹೊರಟವರು ಡ್ರಮ್ಮಿನ ಮೇಲಿಟ್ಟ ರೇಡಿಯೊ ಸುತ್ತ ನಿಂತಿದ್ದರು. ಹಿಂದಿನಿಂದ ಇಂಜಿನ್ನಿನ ಸದ್ದು ಶುರುವಾಯಿತು. ರೇಡಿಯೊ ಬರೀ ಬುಸುಗುಟ್ಟುತ್ತಿತ್ತು.

"ಹತ್ತಮ್ಮ, ಕ್ಯಾಪ್ಟನ್ನು ಕೂಗಾಡ್ತಾನೆ," ಎಂದ ದೋಣಿಯವನು.

ಕೆಲೆರಾ ಚಾಪೆಯ ಸುರುಳಿ ಅಪ್ಪಿಕೊಂಡು ಗುಡ್ಡ ನೋಡುತ್ತಿದ್ದಳು. ತಾನಿಯೇಲ ಓಡಿ ಬಂದ. "ನಾನು ಮಲಗಿಲ್ಲ ಅಕ್ಕ, ಬೇರೂ ಮುಟ್ಟಿಲ್ಲ!"

ಯಾರೂ ನಗಲಿಲ್ಲ. ಬುಸುಗುಟ್ಟುವಿಕೆ ನಡುವೆ ಕಡಿದು, ಒಂದು ದನಿ ಬಂತು. ಆಗ್ನೇಯದ ಗಾಳಿ, ಸಾಧಾರಣ ಅಲೆ, ಮಧ್ಯಾಹ್ನದ ಮೇಲೆ ಮಳೆ. ಗಂಡಸರು ತಮಗೆ ಮೊದಲೇ ಗೊತ್ತಿತ್ತೆಂಬಂತೆ ಆಕಾಶ ನೋಡಿ, ದೋಣಿಗಳನ್ನು ನೀರಿಗೆ ತಳ್ಳಿದರು.

ಕೆಲೆರಾ ಚಾಪೆಯನ್ನು ದೋಣಿಯವನ ಕೈಗೆ ಕೊಟ್ಟಳು. "ಹಿಡ್ಕೋ. ನೆನೆಸ್ಬೇಡ." ಅವಳು ಹತ್ತಿ ಕುಳಿತಳು. ದೋಣಿ ಅಷ್ಟು ದೂರ ಸರಿದಾಗ ತಾನಿಯೇಲ ಮೊಣಕಾಲುದ್ದ ನೀರಿಗಿಳಿದು ಕೂಗಿದ:

"ಅಕ್ಕಾ, ಸಂಜೆ ನಾನು ಹೋಗಿ ಮುಚ್ಲಾ?"

"ಗುಡ್ಡದ ಕಡೆ ಕಾಲಿಟ್ಯೋ, ಬಂದು ಆ ಕಾಲೇ ಮುರೀತೀನಿ!"