ಗಾಲಿಯ ಸುತ್ತು ಎಣಿಸಿದ ನಾಗಲಿಂಗಪ್ಪ

ನಾಗಲಿಂಗಪ್ಪನವರು ರಸ್ತೆಯಲ್ಲಿ ನಡೆಯುವಾಗ ಅವರ ತುಟಿಗಳು ಸದಾ ಅಲುಗುತ್ತಿದ್ದವು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ನೆಲದಲ್ಲಿ ನೆಟ್ಟ ದೃಷ್ಟಿ. ಕಂಡವರು ಪಂಚಾಕ್ಷರಿ ಜಪ ನಡೆದಿದೆಯೆಂದು ಭಾವಿಸಿ ಭಕ್ತಿಯಿಂದ ಪಕ್ಕಕ್ಕೆ ಸರಿಯುತ್ತಿದ್ದರು. ಹಳಿಯಾಳಕ್ಕೆ ಮಾಸ್ತರನಾಗಿ ಬಂದ ಹೊಸತರಲ್ಲಿ ನಾನೂ ಹಾಗೆ ಸರಿದವನೇ. ಅವರ ನೆರೆಮನೆಯವನಾದ ಮೇಲೆ ಗುಟ್ಟು ತಿಳಿಯಿತು. ಅವರು ಎಣಿಸುತ್ತಿದ್ದರು: ತಮ್ಮ ಹೆಜ್ಜೆ, ಸೇತುವೆಯ ಕಲ್ಲು, ಎದುರು ಬಂದ ಚಕ್ಕಡಿಯ ಗಾಲಿ, ಯಾವುದಾದರೂ ಸರಿ. ಜಪವೂ ಇತ್ತು, ಆದರೆ ಅದರಲ್ಲಿ ಇಷ್ಟು ತನ್ಮಯತೆ ಇರಲಿಲ್ಲವೆಂದು ಅವರ ಮಡದಿ ಗುರುಬಸವ್ವನವರ ದೂರು.

ಅವರ ಕಸುಬು ಮೋಟಾರು ದುರಸ್ತಿ. ದಾಂಡೇಲಿ ರಸ್ತೆಯ ತಗಡಿನ ಚಪ್ಪರದ ಕೆಳಗೆ, ಎಣ್ಣೆಯಿಂದ ಚರ್ಮದಂತಾಗಿದ್ದ ಖಾಕಿ ಕೋಟು ತೊಟ್ಟು, ಜೋಯಿಡಾ ಕಾಡಿನ ಕೆಸರಿನಲ್ಲಿ ಹೂತು ಸೋತು ಬಂದ ಜೀಪುಗಳಿಗೆ ಅವರು ದೊಡ್ಡ ಟಾಯರು ತೊಡಿಸುತ್ತಿದ್ದರು. ಗಾಲಿ ದೊಡ್ಡದಾದರೆ ಒಂದೊಂದು ಸುತ್ತಿಗೂ ಹೆಚ್ಚು ನೆಲ ದಾಟುತ್ತದೆ. ವೇಗ ತೋರಿಸುವ ಮುಳ್ಳಿಗೆ ಮಾತ್ರ ಇದರ ಅರಿವಿರುವುದಿಲ್ಲ. "ಮುಳ್ಳು ಗಾಲಿ ಸುತ್ತು ಎಣಸ್ತೈತ್ರಿ ಮಾಸ್ತರ, ದಾರಿ ಎಣಸೂದಿಲ್ಲ" ಎನ್ನುತ್ತಿದ್ದರು. ಆದ್ದರಿಂದ ಟಾಯರು ಬದಲಾಯಿಸಿದ ಪ್ರತಿ ಗಾಡಿಯ ಗಾಲಿಗೂ ಒಂದು ಕೆಂಪು ಚಿಂದಿ ಕಟ್ಟಿ, ಒಂದು ಮೈಲಿಗಲ್ಲಿನಿಂದ ಇನ್ನೊಂದರವರೆಗೆ ನಡಿಗೆಯ ವೇಗದಲ್ಲಿ ಓಡಿಸಲು ಹೇಳಿ, ತಾವು ಪಕ್ಕದಲ್ಲೇ ಸುತ್ತು ಎಣಿಸುತ್ತ ಹೋಗುವರು. ಆಮೇಲೆ ಮೀಟರು ಬಿಚ್ಚಿ, ಹಳೆಯ ಅಂಕಿಗಳನ್ನು ಒರೆಸಿ, ಸರಿಯಾದ ಸ್ಥಳದಲ್ಲಿ ಸಣ್ಣ ಕುಂಚದಿಂದ ಹೊಸದಾಗಿ ಬರೆಯುವರು. ಅದೂ ಕನ್ನಡದ ಅಂಕಿ. ಮೈಲಿ ನಡೆಯದೆ ಗಾಡಿ ಬಿಟ್ಟುಕೊಟ್ಟವರಲ್ಲ ಎಂಬುದು ಅವರ ಹೆಮ್ಮೆಯಾಗಿತ್ತು, ಆ ಹೆಮ್ಮೆ ಸ್ವಲ್ಪ ಜಾಸ್ತಿಯೇ ಇತ್ತು.

ಇನ್ನೊಂದು ಹಟವೂ ಇತ್ತು. ಸೋಮವಾರ ಒಕ್ಕಲಿಗರು ಎತ್ತು ಹೂಡದ ಹಾಗೆ ಅವರು ಅಂದು ಗಾಡಿ ಮುಟ್ಟುತ್ತಿರಲಿಲ್ಲ. ಅರವತ್ತೆರಡರ ಶ್ರಾವಣದ ಒಂದು ಭಾನುವಾರ ಸಂಜೆ ಮರದ ನಾಟಾ ಗುತ್ತಿಗೆದಾರ ಅಂದಾನೆಪ್ಪ ಸಾಹುಕಾರರ ಜೀಪಿಗೆ ಟಾಯರು ಹಾಕಿ ಮುಗಿಸುವಷ್ಟರಲ್ಲಿ ಕತ್ತಲಾಯಿತು. ಮರುದಿನ ಸೋಮವಾರ. ಮಂಗಳವಾರ ಎಣಿಸೋಣವೆಂದು ಇವರು ಅಂದುಕೊಂಡರು. ಆದರೆ ಸೋಮವಾರವೇ ಸಾಹುಕಾರರ ಆಳು ಬಂದು ಜೀಪು ಒಯ್ದ. ಅದು ಕಾಡು ಸೇರಿತು, ಇವರು ಮರೆತರು.

ಮೂರು ವಾರದ ಮೇಲೆ ಆ ಜೀಪು ಪೇಟೆಯ ತಿರುವಿನಲ್ಲಿ ಬದನೆಕಾಯಿ ಮಾರುವ ಕಾಶೆವ್ವನನ್ನು ಕೆಡವಿ ಅವಳ ಕಾಲು ಮುರಿಯಿತು. ಓಡಿಸುತ್ತಿದ್ದವನು ಮುಂಡಗೋಡ ಕಡೆಯ ತಾಂಡಾದ ಥಾವರೆಪ್ಪ. ಪೇಟೆಯಲ್ಲಿ ಗಂಟೆಗೆ ಇಪ್ಪತ್ತೈದು ಮೈಲಿ ದಾಟಕೂಡದೆಂಬುದು ಸಾಹುಕಾರರ ಅಪ್ಪಣೆ. ಮುಳ್ಳು ಇಪ್ಪತ್ತೈದರ ಮೇಲೇರಿರಲಿಲ್ಲವೆಂದು ಅವನು ಆಣೆಯಿಟ್ಟ. ಹಿಂದೆಯೇ ಬರುತ್ತಿದ್ದ ಬಸ್ಸಿನ ಡ್ರೈವರು ಮೂವತ್ತರ ಹತ್ತಿರವಿತ್ತೆಂದ. "ತಪ್ಪು ಮಾಡಿದ್ರ ಇಟಗೋತಿದ್ದೆ. ಸುಳ್ಳ ಹೇಳೂ ಡ್ರೈವರ್ ನನಗ ಬ್ಯಾಡ" ಎಂದರು ಸಾಹುಕಾರರು. ಸೋಮವಾರ ಲೆಕ್ಕ ತೀರಿಸಿ ಕಳಿಸುವುದೆಂದು ತೀರ್ಮಾನವಾಯಿತು. ಸುಳ್ಳುಗಾರನೆಂಬ ಹೆಸರು ಹೊತ್ತ ಡ್ರೈವರಿಗೆ ಈ ಸೀಮೆಯಲ್ಲಿ ಇನ್ನಾರೂ ಕೀಲಿಕೈ ಕೊಡುತ್ತಿರಲಿಲ್ಲ.

ಈ ಸುದ್ದಿಯನ್ನು ಭಾನುವಾರ ನಾನೇ ಹೇಳಿದೆ. ನಾಗಲಿಂಗಪ್ಪನವರು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟರು. ಮರುದಿನ ಬೆಳಿಗ್ಗೆ ಕೋಟು ತೊಟ್ಟು ಹೊರಟಾಗ ಗುರುಬಸವ್ವನವರು ಬಾಗಿಲಲ್ಲಿ ತಡೆದರು.

"ಇವತ್ತ ಸೋಮಾರ ಅಲ್ರೀ?"

"ಹೌದು. ಬಸವಣ್ಣಗ ನಾ ಹೇಳ್ಕೋತೇನಿ, ನೀ ಸರಿ."

ಸಾಹುಕಾರರನ್ನು, ಥಾವರೆಪ್ಪನನ್ನು, ಆ ಬಸ್ಸಿನ ಡ್ರೈವರನ್ನು ಮೈಲಿಗಲ್ಲಿನ ಬಳಿ ಕರೆತಂದರು. ಜೀಪು ಮೆಲ್ಲಗೆ ಹೊರಟಿತು. ಅವರು ಗಾಲಿಯ ಪಕ್ಕದಲ್ಲಿ ನಡೆದರು. ನೂರಕ್ಕೊಂದು ಗೀಟು ಹಾಕಲು ಕಾಗದ ಹಿಡಿದು ನಾನೂ ಹಿಂದೆ ಹೊರಟೆ. ಜಿಟಿಜಿಟಿ ಮಳೆ. ಮುಂದಿನ ಕಲ್ಲು ಮುಟ್ಟಿದಾಗ ಆರುನೂರ ಮೂವತ್ತು. ಹಳೆಯ ಟಾಯರಿಗೆ ಏಳುನೂರ ಇಪ್ಪತ್ತಾಗುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿ ತೋರಿಸಿದರು: ಮುಳ್ಳು ಇಪ್ಪತ್ತೈದು ತೋರಿಸಿದಾಗ ಜೀಪು ಇಪ್ಪತ್ತೆಂಟೂವರೆ ಮೈಲಿ ಓಡುತ್ತದೆ.

"ಇಂವಾ ಸುಳ್ಳ ಹೇಳಿಲ್ರೀ ಸಾಹುಕಾರ್ರ. ಬಸ್ಸಿನಾಂವನೂ ಖರೇನ ಹೇಳ್ಯಾನ. ಟಾಯರ್ ಹಾಕಿ ಅಂಕಿ ತಿದ್ದದ ಬಿಟ್ಟಾಂವ ನಾನು."

ಸಾಹುಕಾರರು ಕೀಲಿಕೈಯನ್ನು ಥಾವರೆಪ್ಪನ ಕೈಗೆ ಕೊಟ್ಟರು. ಅವನು ಅದನ್ನು ಹಣೆಗೆ ಒತ್ತಿಕೊಂಡು ಅತ್ತ. ನನ್ನ ಕಣ್ಣೂ ಒದ್ದೆಯಾಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಲ್ಲಿಂದ ಅವರು ನೇರವಾಗಿ ಕಾಶೆವ್ವನ ಮನೆಗೆ ಹೋಗಿ ಅವಳಿಗೂ ಎಲ್ಲ ಹೇಳಿದರು. "ನಿನ್ನ ಎಣಿಕಿಯಿಂದ ನನ್ನ ಕಾಲು ಕೂಡತೈತೇನೊ, ಭಾಡ್ಯಾ?" ಎಂದಳು ಮುದುಕಿ. ಅವಳು ಮತ್ತೆ ಎದ್ದು ಓಡಾಡುವವರೆಗೆ, ಮೂರು ತಿಂಗಳು, ಅವಳ ಬದನೆಯ ಬುಟ್ಟಿಯನ್ನು ಅವರು ತಾವೇ ಪೇಟೆಗೆ ಹೊತ್ತು, ಮಾರಿ ಬಂದರು. ವ್ಯಾಪಾರದ ಗಂಧಗಾಳಿ ಇಲ್ಲದವರು, ದಿನಾ ಅವಳಿಂದ ಬೈಸಿಕೊಂಡರು.

ಇವರನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದಿದೆ. ಆಗ ನಮ್ಮ ಊರಿನಲ್ಲಿ ಆ ವಿದ್ಯೆ ಬಲ್ಲವರು ಇನ್ನೊಬ್ಬರಿರಲಿಲ್ಲ. ಹಾಗಾಗಿ ಆ ತಪ್ಪನ್ನು ಹಿಡಿಯಬಲ್ಲವರೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಬಡವನೊಬ್ಬನದು ಹೋಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕಸುಬನ್ನು ಚೆನ್ನಾಗಿ ಬಲ್ಲವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ತಮ್ಮ ತಪ್ಪನ್ನು ತಾವೇ ಹಿಡಿದುಕೊಡಲು ಆ ಕಸುಬನ್ನು ಬಳಸುವವರು ಅಪರೂಪ. ಅಂಥ ಒಬ್ಬರಿದ್ದರೆ ಊರಿನ ಸಾಮಾನ್ಯನ ಮಾತಿಗೆ ಬೆಲೆ ಇರುತ್ತದೆ.