ಎಡಚನ ದೋಣಿ

ಕಪ್ಪು ಮತ್ತೆ ಬೂದುಬಣ್ಣಕ್ಕೆ ತಿರುಗಿತು. ಹಸಿಯಿದ್ದಾಗ ಮಡುವಿನಷ್ಟು ಆಳ ಕಾಣುತ್ತಿದ್ದ ಬಣ್ಣ ಒಣಗಿದ ಕೂಡಲೇ ಬಿಳಿಚಿಕೊಳ್ಳುತ್ತಿತ್ತು. ಸಾತಪ್ಪ ಕಾಡಿಗೆ ಕಲಸಿದ್ದು ಇದು ಮೂರನೆಯ ಸಲ. ಗೋಕಾಕದ ಹೊಳೆದಂಡೆಯ ಬಯಲಿನಲ್ಲಿ ಹಾಕಿದ್ದ ನಾಟಕದ ಡೇರೆಯೊಳಗೆ, ಬಿದಿರಿಗೆ ಬಿಗಿದು ನಿಲ್ಲಿಸಿದ ಪರದೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ನೋಡಿದ. ಎಷ್ಟು ನೋಡಿದರೂ ಬರೆದದ್ದು ದೋಣಿಯಲ್ಲ, ಹಲಗೆ.

ಆರು ವರ್ಷ ಬೇರೆಯವರ ಬಣ್ಣಕ್ಕೆ ಅಂಟು ಕಾಯಿಸಿಕೊಟ್ಟವನಿಗೆ ಇದು ಮೊದಲ ಸ್ವಂತ ಪರದೆ. ಕಂಪನಿಯ ಮಾಲಕ ರಾವಸಾಹೇಬ ಬೆಳಿಗ್ಗೆಯೇ ಹೇಳಿ ಹೋಗಿದ್ದ: "ದೀಪಾ ಹಚ್ಚೂದ್ರಾಗ ಅದು ದೋಣಿ ಆಗಬೇಕು. ಆಗಲಿಲ್ಲಂದ್ರ ಹಳೇ ಹಂಸದ ಪಡದೀನ ಕಟ್ಟತೇನಿ. ನೀ ಮತ್ತ ಅಂಟ ಕಾಸಾಕ ಹೋಗು."

ಮಜ್ಜಿಗೆಯ ಕೊಡ ಹೊತ್ತು ಹಣಮವ್ವ ಒಳಗೆ ಬಂದಳು. ಹೊಳೆ ದಾಟಿಸುವ ಅಂಬಿಗನ ಹೆಂಡತಿ. ದಂಡೆಯ ಮೇಲೆ ಬಿದ್ದಿದ್ದ ಅವರ ಹಳೆಯ ದೋಣಿಯನ್ನೇ ಸಾತಪ್ಪ ಕಾಗದದಲ್ಲಿ ಬರೆದುಕೊಂಡು ಬಂದಿದ್ದ.

"ಯಾರದೋ ತಮ್ಮಾ, ಇದು?"

"ನಿಮ್ಮದ ಅಲ್ಲೇನ ಯವ್ವಾ!"

ಹಣಮವ್ವ ಕೊಡ ಇಳಿಸಿ, ಸೆರಗಿಗೆ ಕೈ ಒರೆಸುತ್ತ, ಮೂಗು ತಾಗುವಷ್ಟು ಹತ್ತಿರ ಹೋದಳು. "ನಮ್ಮದಲ್ಲ ತಗಿ."

"ಎರಡ ದಿನಾ ಬಿಸಲಾಗ ಕುಂತ ತಗದೇನಿ. ಮೊಳಿ ಸೈತ ಎಣಿಸೇನಿ!"

"ಮೊಳಿ ಎಣಿಸಿದ್ರ ಆತೇನ? ಇದರ ಮೂತಿ ಯಾಕ ಈ ಕಡೆ ಐತಿ?"

ಸಾತಪ್ಪ ನಕ್ಕ. "ನಾಟಕದಾಗ ಊರು ಎಡಕ್ಕ ಬರತೈತಿ. ಅದಕ್ಕ ಹೊಳ್ಳಿಸೇನಿ." ದಂಡೆಯಲ್ಲಿ ಬಲಕ್ಕೆ ಮುಖ ಮಾಡಿದ್ದನ್ನು ಅವನು ಕನ್ನಡಿಯಲ್ಲಿ ಕಂಡಂತೆ ಪೂರ್ತಿ ಅದಲುಬದಲು ಮಾಡಿದ್ದ.

"ದೋಣಿ ಹೊಳ್ಳಿಸಿದಿ. ನಮ್ಮನಿಯವ್ರನ್ನ ಹೊಳ್ಳಸಾಕ ಆಗತೈತೇನೋ? ಅವ್ರು ಎಡಚರು! ದೋಣಿ ನೂಕೂ ಗಳಾ ಊರೂದು ಎಡಕಿನ ಬಾಜೂ. ಇಪ್ಪತ್ತ ವರ್ಷ ಗಳ ತಿಕ್ಕಿ ತಿಕ್ಕಿ ಆ ಅಂಚ ಸವದೈತಿ. ತಾಳೀನೂ ಎಡಗೈಲೆ ಕಟ್ಟಾಕ ಬಂದಿದ್ರು, ಮಂದೆಲ್ಲಾ ಬಿದ್ದ ಬಿದ್ದ ನಕ್ಕಿತ್ತು. ನೀ ನೋಡಿದ್ರ ಅವ್ರನ್ನ ಬಲಗೈಯವ್ರನ್ನ ಮಾಡಿ ಕುಂತೀಯಲ್ಲೋ!"

ಸಾತಪ್ಪ ಎದ್ದು ನಿಂತ. ಹೌದು. ಮೂತಿ ಎಡಕ್ಕೆ ತಿರುಗಿದ ಮೇಲೆ ನೋಡುವವರ ಕಡೆಗಿರುವುದೇ ದೋಣಿಯ ಎಡಬದಿ. ಅಲ್ಲಿ ಅವನು ಹೊಸ ಹೊಸ್ತಿಲಿನಂಥ ನೆಟ್ಟನೆಯ ಅಂಚು ಎಳೆದಿದ್ದ. ಸವೆತವೆಲ್ಲ ಆಚೆಯ ಬಲಬದಿಗೆ ಹೋಗಿತ್ತು. ದೋಣಿಯ ಹೊಟ್ಟೆಗೆ ಆ ಅಂಚು ಬಾಗಿಲು ಹಾಕಿದಂತೆ ನಿಂತಿತ್ತು.

"ಎಲ್ಲೀತನಕಾ ಸವದೈತಿ ಯವ್ವಾ? ತೋರ್ಸು."

"ಇಲ್ಲಿಂದ ಇಲ್ಲೀತನಕಾ. ನಡಕ ಅಂಗೈ ಅಗಲ ತಗ್ಗ. ಬಾಜೂಕ ಸಿಬಿರ ಎದ್ದಾವು. ಆ ತಗ್ಗಿನ್ಯಾಗಿಂದ ಒಳಗ ನಿಂತ ನೀರ ಕಾಣತೈತಿ ನೋಡು."

ಅವಳು ಮಜ್ಜಿಗೆ ಅಳೆಯಲು ಹೋದಳು. ಸಾತಪ್ಪ ಒದ್ದೆ ಬಟ್ಟೆಯಿಂದ ಅಂಚನ್ನು ಒರೆಸಿ ತೆಗೆದ. ಅಂಗೈ ಅಗಲದ ತಗ್ಗು ಬಿಟ್ಟು, ಅದರೊಳಗಿಂದ ಕಾಣುವ ಒಳಹಲಗೆ ಬರೆದ, ಹಲಗೆಯ ತಳದಲ್ಲಿ ಒಂದಿಷ್ಟು ನೀರು. ಕಪ್ಪನ್ನು ಇನ್ನಷ್ಟು ಕಪ್ಪು ಮಾಡಲು ಹೋಗಲಿಲ್ಲ. ಒಣಕುಂಚಕ್ಕೆ ಬಿಳಿ ಹಚ್ಚಿ ಒಂದೊಂದೇ ಸಿಬಿರು ಎಬ್ಬಿಸಿದ. ಪಕ್ಕದಲ್ಲಿ ಬಿಳಿ ಬಿದ್ದದ್ದೇ ತಡ, ಒಣಗಿ ಬೂದುಬಣ್ಣಕ್ಕೆ ತಿರುಗಿದ್ದ ಕಪ್ಪು ತಾನಾಗಿಯೇ ಆಳಕ್ಕೆ ಇಳಿಯಿತು.

ಬಣ್ಣ ಪೂರ್ತಿ ಒಣಗುವ ಹೊತ್ತಿಗೆ ರಾವಸಾಹೇಬ ಬಂದ. ಹಿಂದೆ ರಾಜನ ವೇಷ ಕಟ್ಟಿದ ವೀರಪ್ಪ. ಗ್ಯಾಸಬತ್ತಿಯನ್ನು ಪರದೆಯ ಹತ್ತಿರ ಇಡಿಸಿ ರಾವಸಾಹೇಬ ಬಹಳ ಹೊತ್ತು ನೋಡಿದ. ಸಾತಪ್ಪ ಕುಂಚ ತೊಳೆಯುವುದನ್ನು ನಿಲ್ಲಿಸಿದ. ವೀರಪ್ಪ ನಿಂತು ನಿಂತು ಬೇಸರಗೊಂಡು ಪರದೆಯ ಕಡೆಗೆ ಸರಿದ.

ರಾವಸಾಹೇಬ ಎಲೆಅಡಿಕೆಯನ್ನು ದವಡೆಗೆ ಸರಿಸಿದ. "ಏ ವೀರಪ್ಪಾ, ಅಲ್ಲಿ ನಿಂದರಬ್ಯಾಡ. ಧೋತರಕ್ಕ ಸಿಬಿರ ಹತ್ತತಾವು."

ವೀರಪ್ಪ ಜರಿಯ ಧೋತರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಒಂದು ಹೆಜ್ಜೆ ಈಚೆ ಬಂದ.