ಕುರಿಯ ಮಿದುಳಿಲ್ಲದ ಮದ್ದು

ನಮ್ಮ ಕೆಂದಹಸು ಮೇವು ಬಿಟ್ಟಿತ್ತು, ನೀರನ್ನೂ ಮುಟ್ಟುತ್ತಿರಲಿಲ್ಲ. ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿದು ಗೋದಲಿಯ ಅಂಚಿನಲ್ಲಿ ಒಣಗುತ್ತಿತ್ತು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬುದು ನನ್ನ ಹೆಂಡತಿ ಜಯಲಕ್ಷ್ಮಮ್ಮನ ತೀರ್ಮಾನ. ಕಿಕ್ಕೇರಿಯ ಯಾವ ಕೊಟ್ಟಿಗೆಯಲ್ಲಾದರೂ ಆ ಕಾಲದಲ್ಲಿ ಅದೇ ತೀರ್ಮಾನವಾಗುತ್ತಿತ್ತು.

"ಕಬ್ಬಿನ ಗೆಣ್ಣು ಸಿಕ್ಕಂಡದೆ ಕಣ್ರೀ. ನೀವು ಕೊಂಬು ಇಡ್ಕಳಿ ಸಾಕು, ಪಾಠ ಮಾಡ್ಬ್ಯಾಡಿ" ಎಂದಳು.

ನಾನು ಶಾಲೆಯಿಂದ ನಿವೃತ್ತನಾಗಿ ಬಹಳ ಕಾಲವಾಗಿದ್ದರೂ ಅವಳ ಲೆಕ್ಕದಲ್ಲಿ ನನ್ನ ಪಾಠ ಇನ್ನೂ ಮುಗಿದಿರಲಿಲ್ಲ. ಕೊಂಬು ಹಿಡಿದೆ. ಬಿದಿರಿನ ಗೊಟ್ಟದಿಂದ ಅವಳು ಹೊಯ್ದ ಹರಳೆಣ್ಣೆ ಒಳಗಿಳಿಯದೆ ಕಟವಾಯಿಯಿಂದ ಹೊರಗೇ ಬಂತು. ಆಗ ಬಳೆಗಳನ್ನು ಮೊಣಕೈಗೆ ಸರಿಸಿ, ಹಸುವಿನ ಬಾಯೊಳಗೆ ಕೈ ತೂರಿಸಿ ತಡಕಿದಳು. ಏನೂ ಸಿಗಲಿಲ್ಲ. ಹೊರಬಂದ ಕೈಯಲ್ಲಿ, ಹೆಬ್ಬೆರಳ ಬುಡಕ್ಕೆ, ದವಡೆಹಲ್ಲು ಗೀರಿದ ಒಂದು ಕೆಂಪು ಗೆರೆಯಿತ್ತು.

ಮರುದಿನ ಬೆಳಿಗ್ಗೆ ದನದ ಡಾಕ್ಟರು ರವೀಂದ್ರ ಬಂದರು. ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತು, ಒಡೆದ ಕೊಳಲಿನಂತಾಗಿದ್ದ ಹಸುವಿನ ಕೂಗನ್ನು ಆಲಿಸಿದರು. ಒಳಗೆ ಕಾಲಿಡಲಿಲ್ಲ.

"ಮೇಷ್ಟ್ರೆ, ಇದಕ್ಕೆ ನಾಯಿ ಏನಾರ ಕಚ್ಚಿತ್ತಾ?"

ಹಿಂದಿನ ತಿಂಗಳು ಕಬ್ಬಿನ ಗದ್ದೆಯ ಬಳಿ ಬೀದಿನಾಯಿಯೊಂದು ಅದರ ಹಿಂಗಾಲಿಗೆ ಎಗರಿದ್ದುದು ನೆನಪಾಯಿತು.

"ಹುಚ್ಚುನಾಯಿ ರೋಗ. ಹಸು ಉಳಿಯಲ್ಲ. ಇದರ ಬಾಯಿಗೆ ಕೈ ಹಾಕಿದ್ದು ಯಾರು?"

ಜಯಲಕ್ಷ್ಮಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡಳು. "ಯಾರೂ ಹಾಕಿಲ್ಲ. ಗೊಟ್ಟ ಹಾಕ್ದೆ, ಅಷ್ಟೆ."

"ಜಯಾ, ಕೈ ತೋರಿಸು" ಎಂದೆ.

ಅವಳು ನನ್ನನ್ನು ನೋಡಿದ ನೋಟ ಇಂದಿಗೂ ನನ್ನೊಳಗೆ ಅಲ್ಲಾಡದೆ ನಿಂತಿದೆ. ಆ ಕಣ್ಣುಗಳಲ್ಲಿ ಸಾವಿನ ಭಯವಿರಲಿಲ್ಲ, ಸೂಜಿಯ ಭಯವಿತ್ತು.

ಕಾರಣ ನನಗೆ ಗೊತ್ತಿತ್ತು. ಅವಳ ತಮ್ಮ ಚಿಕ್ಕಸ್ವಾಮಿಗೆ ಎಳವೆಯಲ್ಲಿ ನಾಯಿ ಕಚ್ಚಿತ್ತು. ಆಗಿನ ಪದ್ಧತಿಯಂತೆ ದಿನಕ್ಕೊಂದರಂತೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಅವು ಮುಗಿಯುವ ಮೊದಲೇ ಎರಡು ಕಾಲೂ ಬಿದ್ದುಹೋದವು. ಒಂದು ಕಾಲು ಮೆಲ್ಲಗೆ ಮರಳಿತು, ಇನ್ನೊಂದು ಮರಳಲಿಲ್ಲ. ಈಗ ಆತ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯ ಹತ್ತಿರ ರೇಡಿಯೋ ರಿಪೇರಿ ಅಂಗಡಿಯಿಟ್ಟುಕೊಂಡು, ಊರುಗೋಲಿನ ಮೇಲೆ ಲೋಕವನ್ನೆಲ್ಲ ಗೇಲಿ ಮಾಡುತ್ತಿದ್ದ.

"ಸತ್ರೆ ಸಾಯ್ತೀನಿ, ಆ ಸೂಜಿ ಮಾತ್ರ ಒಲ್ಲೆ. ಇನ್ನೊಬ್ಬರ ಕೈಲಿ ಎತ್ತಿಸ್ಕಂಡು ಬಾಳಾಕ್ಕಿಲ್ಲ" ಎಂದು ಅವಳು ಕಂಬಕ್ಕೊರಗಿ ಕುಳಿತುಬಿಟ್ಟಳು.

ಎಸ್‌ಟಿಡಿ ಬೂತಿನಿಂದ ಚಿಕ್ಕಸ್ವಾಮಿಗೆ ಫೋನು ಮಾಡಿದೆ. "ಭಾವ, ಗಾಯ ತೊಳಿಸ್ಕಂಡು ಬರಾನ ಅಂತ ಪ್ಯಾಟೆಗೆ ಕರ್ಕಬನ್ನಿ. ಮಿಕ್ಕಿದ್ದು ನಾನು ನೋಡ್ಕತೀನಿ" ಎಂದ. ಗಾಯ ತೊಳೆಸುವುದಕ್ಕೆ ಮಾತ್ರ ಅವಳು ಒಪ್ಪಿದಳು. ಬಸ್ಸಿನಲ್ಲಿ ಕಿಟಕಿಯಾಚೆ ಹಸಿರು ಹಿಂದೆ ಸರಿಯುತ್ತಿತ್ತು. ಅಷ್ಟು ವರ್ಷ ಪಕ್ಕದಲ್ಲಿದ್ದವಳು ಅಂದು ಹೊತ್ತಿಸಿ ಗಾಳಿಗಿಟ್ಟ ಹಣತೆಯಂತೆ ಕಂಡಳು. ಕೈ ಅಡ್ಡ ಹಿಡಿಯುವುದರ ಹೊರತು ನನ್ನಿಂದಾಗುವುದು ಏನೂ ಇರಲಿಲ್ಲ.

ಕೆ.ಆರ್. ಪೇಟೆಯ ಡಾಕ್ಟರಮ್ಮ ಗಾಯವನ್ನು ಸೋಪು ಹಚ್ಚಿ ಬಹಳ ಹೊತ್ತು ನಲ್ಲಿಯ ಕೆಳಗೆ ತೊಳೆಸಿದರು. ಆಮೇಲೆ ಫ್ರಿಜ್ಜು ತೆರೆದು ಹೆಬ್ಬೆರಳಿನಷ್ಟು ಸಣ್ಣ ಸೀಸೆಯೊಂದನ್ನು ಹೊರತೆಗೆದರು. ಜಯಲಕ್ಷ್ಮಮ್ಮ ದಿಗ್ಗನೆ ಎದ್ದಳು.

"ಕೂತ್ಕೊಳ್ಳಿ. ಇದು ಹೊಟ್ಟೆಗಲ್ಲ, ತೋಳಿಗೆ. ಐದೇ ಸಲ. ಗಾಯದ ಸುತ್ತ ಇನ್ನೊಂದು ಮದ್ದು ಕೊಡ್ತೀನಿ."

"ಒಟ್ಟೆಗಾದ್ರೇನು, ತೋಳಿಗಾದ್ರೇನು? ಇವನ ಕಾಲು ನೋಡಿ" ಎಂದು ಆಗತಾನೆ ಊರುಗೋಲು ಕುಟ್ಟುತ್ತ ಒಳಬಂದ ತಮ್ಮನನ್ನು ತೋರಿಸಿದಳು.

ಡಾಕ್ಟರಮ್ಮ ಆತನ ಕಾಲನ್ನು ಮುಟ್ಟಿ ನೋಡಿ, ಹಳೆಯ ಕಥೆಯನ್ನೆಲ್ಲ ಕೇಳಿದರು. ನಂತರ ನಿಧಾನವಾಗಿ ಹೇಳಿದರು: "ಆ ಮದ್ದನ್ನ ಕುರಿ ಮಿದುಳಲ್ಲಿ ಬೆಳೆಸ್ತಿದ್ರು. ಮದ್ದಿನ ಜೊತೆ ಮಿದುಳಿನ ಚೂರೂ ಮೈಯೊಳಗೆ ಹೋಗ್ತಿತ್ತು. ಸಾವಿರಾರು ಜನಕ್ಕೆ ಅದರಿಂದ ಪ್ರಾಣ ಉಳೀತು. ಆದರೆ ಎಲ್ಲೋ ಒಬ್ಬರಲ್ಲಿ ಮೈಯೇ ಆ ಚೂರಿನ ಮೇಲೆ ಜಗಳಕ್ಕೆ ನಿಂತು, ತನ್ನ ನರಗಳನ್ನೇ ಹಗೆ ಅಂದುಕೊಂಡು ಹೊಡೀತಿತ್ತು. ನಿಮ್ಮ ತಮ್ಮನಿಗೆ ಆಗಿರೋದು ಅದೇ ಇರಬೇಕು. ಇದರಲ್ಲಿ ಮಿದುಳೇ ಇಲ್ಲಮ್ಮ. ಗಾಜಿನ ಪಾತ್ರೆಯಲ್ಲಿ ಜೀವಕೋಶ ಸಾಕಿ, ಅದರೊಳಗೆ ರೋಗಾಣು ಬೆಳೆಸಿ, ಕೊಂದು, ಶುದ್ಧ ಮಾಡಿರೋದು."

ಜಯಲಕ್ಷ್ಮಮ್ಮ ತಮ್ಮನ ಕಾಲನ್ನೇ ನೋಡಿದಳು.

"ಅಂಗಾರೆ... ಅಮುಕಿ ಇಡ್ಕಂಡಿದ್ರಿಂದ ಅಲ್ವಾ?"

"ಏನನ್ನ?"

"ಇವನ ಕಾಲ. ಸೂಜಿ ಆಕುವಾಗ ಒದ್ದಾಡ್ತಿದ್ದ. ಬಿಗಿಯಾಗಿ ಇಡ್ಕಳಮ್ಮಿ ಅಂದ್ರು. ದಿನಾ ನಾನೇ ಇಡ್ಕಂಡೆ, ಬಲವಾಗಿ. ನನ್ನ ಕೈಯಿಂದ್ಲೇ ನರ ಸತ್ತೋದ್ವು ಅಂತ..."

ಇಷ್ಟು ವರ್ಷಗಳ ದಾಂಪತ್ಯದಲ್ಲಿ ಮನಸ್ಸಿನ ಈ ಕೋಣೆಯ ಬಾಗಿಲನ್ನು ಅವಳು ನನಗೆ ಒಮ್ಮೆಯೂ ತೆರೆದಿರಲಿಲ್ಲ.

"ಹಿಡಕೊಂಡಿದ್ದಕ್ಕೆ ಹೀಗಾಗಲ್ಲಮ್ಮ" ಎಂದರು ಡಾಕ್ಟರಮ್ಮ. "ಖಂಡಿತ ಇಲ್ಲ."

ಚಿಕ್ಕಸ್ವಾಮಿ ಅಕ್ಕನನ್ನೇ ದಿಟ್ಟಿಸಿದ. ಮರುಕ್ಷಣವೇ ಎಂದಿನ ದನಿ: "ಅಲ್ಲ ಕಣಕ್ಕಯ್ಯ, ನಿನ್ನ ಕೈಗೆ ಅಷ್ಟೊಂದು ಕಸುವಿದ್ದಿದ್ರೆ ನೀ ಕಟ್ಟಿದ ಮುದ್ದೇಲಿ ಅಂಗ್ಯಾಕೆ ಗಂಟಿರ್ತಿತ್ತು?"

"ಥೂ, ಬಾಯ್ಮುಚ್ಚಲಾ!" ಎಂದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಹಾಗೆಯೇ ಕುಳಿತು ರವಿಕೆಯ ತೋಳು ಮೇಲೆ ಸರಿಸಿದಳು.

ಚಿಕ್ಕಸ್ವಾಮಿ ಸ್ಟೂಲು ಎಳೆದು ಎದುರಿಗೆ ಕುಳಿತು, ಬಾಗಿ, ಅವಳ ಎರಡೂ ಪಾದಗಳನ್ನು ಭದ್ರವಾಗಿ ಹಿಡಿದುಕೊಂಡ.

"ಕಾಲ್ಯಾಕ್ಲಾ? ಸೂಜಿ ತೋಳಿಗೆ ಕಣ್ಲಾ!"

"ಸುಮ್ಕಿರು. ಮುಯ್ಯಿ ತೀರಿಸ್ತಾವ್ನಿ."

ಹಸು ಅಂದು ಸಂಜೆಯೇ ಸತ್ತಿತು. ಆಮೇಲಿನ ಪ್ರತಿ ಸೂಜಿಗೂ ನಾವು ಪೇಟೆಗೆ ಹೋಗಿಬಂದೆವು. ಪ್ರತಿ ಬೆಳಿಗ್ಗೆ ಅವಳು ನೀರು ಕುಡಿಯುವುದನ್ನು ನಾನು ಕದ್ದು ನೋಡುತ್ತಿದ್ದೆ. ಗುಟುಕು ಸಲೀಸಾಗಿ ಇಳಿದರೆ ರೋಗ ತಗುಲಿಲ್ಲವೆಂದು ನನ್ನ ಲೆಕ್ಕ. ಕೊನೆಯ ಸೂಜಿಯ ದಿನ ಡಾಕ್ಟರಮ್ಮ, "ಇನ್ನು ನನ್ನ ನೆನಪು ಮಾಡಬೇಡಿ" ಎಂದು ನಕ್ಕು ಕಳುಹಿಸಿದರು.

ಹಿಂದಿರುಗುವಾಗ ಊರು ಕಣ್ಣಳತೆಗೆ ಬಂದಿತೆನ್ನುವಾಗ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದೆವು. ಇಳಿಬಿಸಿಲಿನಲ್ಲಿ ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ನಡೆದಳು. ಅವಳ ಹಿಮ್ಮಡಿಗಳು ಧೂಳಿನಲ್ಲಿ ಏಳುತ್ತಿದ್ದವು, ಊರುತ್ತಿದ್ದವು, ಮತ್ತೆ ಏಳುತ್ತಿದ್ದವು. ಆ ಹೆಜ್ಜೆಗಳಷ್ಟು ಚೆಲುವಾದ ಸಾಲನ್ನು ನಾನು ಬೇರೆಲ್ಲಿಯೂ ಓದಿಲ್ಲ. ನೋಡುತ್ತ ನೋಡುತ್ತ ಬಹಳ ಹಿಂದೆ ಉಳಿದುಬಿಟ್ಟೆ.

ಅವಳು ತಿರುಗಿ ನಿಂತು ಕೂಗಿದಳು: "ಬಿರ್ನೆ ಬನ್ನಿ! ನಿಮ್ಮ ಕಾಲಿಗೇನು ಬಂದದೆ?"